ಮಡಿಲು ತುಂಬದಿರಲು ಕಾರಣವೇನು?

ಮದುವೆಯಾದ ಮೊದಲ ವರ್ಷ ನಗುನಗುತ್ತ ಕೇಳುವ ಪ್ರಶ್ನೆಯನ್ನೇ ಬಂಧುಬಳಗದವರು ಮೂರನೆಯ ವರ್ಷ ಮೆಲುದನಿಯಲ್ಲಿ ಕೇಳುತ್ತಾರೆ. ಐದನೆಯ ವರ್ಷದ ಹೊತ್ತಿಗೆ ಕೇಳುವುದನ್ನೇ ಬಿಟ್ಟು ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳತೊಡಗುತ್ತಾರೆ. ಸೀಮಂತದ ಮನೆಯಿಂದ ಕರೆ ಬರುತ್ತದೆ. ಆದರೆ ಆರತಿಯ ತಟ್ಟೆ ಮಾತ್ರ ಆಕೆಯ ಕೈಗೆ ಬರುವುದಿಲ್ಲ. ಕುಕ್ಕೆಗೆ ಹೋಗಿ ಬಂದದ್ದಾಯಿತು, ಘಾಟಿಯಲ್ಲಿ ನಾಗಪ್ರತಿಷ್ಠೆಯಾಯಿತು, ಅಶ್ವತ್ಥಕಟ್ಟೆಯ ಪ್ರದಕ್ಷಿಣೆಯೂ ಮುಗಿಯಿತು. ಇಷ್ಟೆಲ್ಲ ನಡೆದರೂ ಎಷ್ಟೋ ಮನೆಗಳಲ್ಲಿ ನಡೆಯದೆ ಉಳಿಯುವ ಕಾರ್ಯವೊಂದುಂಟು: ಗಂಡಹೆಂಡಿರಿಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗುವುದು.

ದೈವಭಕ್ತಿಗೂ ವೈದ್ಯಶಾಸ್ತ್ರಕ್ಕೂ ಜಗಳವೇನೂ ಇಲ್ಲ. ಹರಕೆ ಹೊತ್ತವರು ಪರೀಕ್ಷೆಗೆ ಹೋಗಕೂಡದೆಂದು ಯಾವ ದೇವರೂ ವಿಧಿಸಿಲ್ಲ. ಆದರೆ ಸ್ತ್ರೀದೇಹದೊಳಗಿನ ಕಾಲವು ಯಾರಿಗೂ ಕಾಯದೆ ಸಾಗುತ್ತಿರುತ್ತದೆ. ಇಪ್ಪತ್ತೇಳರಲ್ಲಿ ಸುಲಭವಾಗಿ ಸರಿಪಡಿಸಬಹುದಾಗಿದ್ದ ದೋಷವು ಮೂವತ್ತೆಂಟರಲ್ಲಿ ಕಠಿಣವಾಗುವುದುಂಟು. ಆದುದರಿಂದ ಸಂತಾನಹೀನತೆಗೆ ಕಾರಣಗಳೇನು, ಅವುಗಳಲ್ಲಿ ಯಾವುದಕ್ಕೆ ಪರಿಹಾರವುಂಟು, ಆ ಪರಿಹಾರದ ಮಿತಿಯೇನು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಒಳಿತು.

ಬಂಜೆತನವೆಂದರೆ ಏನು?

ಯಾವ ನಿರೋಧಕ್ರಮವನ್ನೂ ಅನುಸರಿಸದೆ ದಂಪತಿಗಳು 12 ತಿಂಗಳ ಕಾಲ ಕ್ರಮವಾಗಿ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ಬಂಜೆತನವೆಂದು ಕರೆಯುತ್ತಾರೆ. ಒಂದು ಮಗುವಾದ ಬಳಿಕ ಮತ್ತೆ ಗರ್ಭ ನಿಲ್ಲದಿರುವುದೂ ಇದರಲ್ಲಿ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಪ್ರಪಂಚದ ವಯಸ್ಕರಲ್ಲಿ ಸುಮಾರು ಆರು ಮಂದಿಗೆ ಒಬ್ಬರು ಬಾಳಿನ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆ. ಬಡ ದೇಶ, ಸಿರಿವಂತ ದೇಶ ಎಂಬ ಭೇದ ಇದಕ್ಕೆ ಅಷ್ಟಾಗಿ ಇಲ್ಲ. ತನ್ನೊಬ್ಬಳಿಗೇ ಈ ಗತಿ ಬಂದಿತೆಂದು ಕೊರಗುವ ಸೋದರಿಯು ಈ ಸಂಖ್ಯೆಯನ್ನು ಒಮ್ಮೆ ನೆನೆದುಕೊಳ್ಳಬೇಕು.

ಹಾಗೆಂದು ಮದುವೆಯಾದ ಮೂರು ತಿಂಗಳಿಗೇ ಗಾಬರಿಗೊಳ್ಳುವ ಕಾರಣವೂ ಇಲ್ಲ. ಆರೋಗ್ಯವಂತರಾದ 100 ಮಂದಿ ತರುಣ ದಂಪತಿಗಳಲ್ಲಿ 80ಕ್ಕೂ ಹೆಚ್ಚು ಮಂದಿಗೆ ಮೊದಲ ವರ್ಷದಲ್ಲಿಯೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ. ಆದರೆ ಹೆಂಡತಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. 40 ದಾಟಿದ್ದರೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಹಿಂದೆ ಕ್ಷಯರೋಗವಾಗಿದ್ದರೆ, ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ನಡೆದಿದ್ದರೆ ಕಾಯುವ ಮಾತೇ ಬೇಡ. ಮೊದಲೇ ತಜ್ಞರನ್ನು ಕಾಣತಕ್ಕದ್ದು.

ದೋಷ ಯಾರದು?

ಮಕ್ಕಳಾಗದಿದ್ದರೆ ಬಂಜೆ ಎಂಬ ಮಾತು ಹೆಂಗಸಿಗೆ ಮಾತ್ರ ಅಂಟುವುದು ನಮ್ಮ ಸಮಾಜದ ಅನ್ಯಾಯಗಳಲ್ಲೊಂದು. ವೈದ್ಯರ ಅನುಭವವು ಬೇರೆಯೇ ಆಗಿದೆ. ಮಕ್ಕಳಿಲ್ಲದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ದೋಷವು ಒಂದೇ ಕಾರಣವಾಗಿಯೋ, ಹೆಂಗಸಿನ ದೋಷದೊಡನೆ ಕೂಡಿಯೋ ಇರುತ್ತದೆ. ಶರೀರದಾರ್ಢ್ಯಕ್ಕೂ ಪುರುಷತ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲ್ಲ ವಿಧದಲ್ಲಿಯೂ ಗಟ್ಟಿಮುಟ್ಟಾಗಿರುವ ಪುರುಷನ ವೀರ್ಯದಲ್ಲಿ ಜೀವಾಣುಗಳು ಕಡಿಮೆಯಿರಬಹುದು, ಇಲ್ಲದೆಯೂ ಇರಬಹುದು.

ನಮ್ಮ ಪುರಾಣಕಾರರಿಗೆ ಈ ಸಂಗತಿ ತಿಳಿಯದುದಾಗಿರಲಿಲ್ಲವೆಂದು ತೋರುತ್ತದೆ. ಮೂವರು ರಾಣಿಯರಿಗೂ ಮಕ್ಕಳಾಗದಿರಲು ದಶರಥ ಮಹಾರಾಜನು ನಾಲ್ಕನೆಯ ಮದುವೆಯ ಯೋಚನೆ ಮಾಡಲಿಲ್ಲ. ತಾನೇ ಪುತ್ರಕಾಮೇಷ್ಟಿಗೆ ಕುಳಿತನು. ಇಂದಿನ ಮನೆಗಳಲ್ಲಾದರೋ ಸೊಸೆಯ ಮೇಲೆ ಹತ್ತಾರು ಪರೀಕ್ಷೆಗಳು ನಡೆದು, ಸೂಜಿ ಚುಚ್ಚಿ, ಅರಿವಳಿಕೆ ಕೊಟ್ಟು, ಹಣ ನೀರಾಗಿ ಹರಿದ ಮೇಲೆ ಮಗನ ಸರದಿ ಬರುತ್ತದೆ. ಗಂಡಸಿನ ವೀರ್ಯಪರೀಕ್ಷೆಯಷ್ಟು ಸುಲಭವೂ ಅಗ್ಗವೂ ನೋವಿಲ್ಲದುದೂ ಆದ ಪರೀಕ್ಷೆ ಈ ಪ್ರಕರಣದಲ್ಲಿ ಮತ್ತೊಂದಿಲ್ಲ. ಅದು ಮೊದಲು ಆಗಬೇಕಾದುದು, ಕೊನೆಗೆ ಅಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನು ಸ್ತ್ರೀಯರಲ್ಲಿ ಕಾಣುವ ಕಾರಣಗಳನ್ನು ನೋಡೋಣ.

ಋತು, ಕ್ಷೇತ್ರ, ಅಂಬು, ಬೀಜ

ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಸೇರಬೇಕೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಪೈರು ಬೆಳೆಯಲು ತಕ್ಕ ಕಾಲ, ಹದವಾದ ಹೊಲ, ನೀರು, ಒಳ್ಳೆಯ ಬಿತ್ತನೆ ಬೇಕಾಗುವಂತೆಯೇ ಇದೂ. ಇಂದಿನ ಶರೀರಶಾಸ್ತ್ರವನ್ನು ತಿಳಿಯಲೂ ಈ ಹೋಲಿಕೆ ಸಹಾಯಕವಾಗಿದೆ.

ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷವಷ್ಟೇ ಉಳಿದಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲೆಲ್ಲ ಪಕ್ವವಾಗಿ ಹೊರಬೀಳುವುವು ಸುಮಾರು 400 ಮಾತ್ರ, ತಿಂಗಳಿಗೆ ಒಂದರಂತೆ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಬಿಡುಗಡೆಯಾಗುವ ಈ ಅಂಡವನ್ನು ಅಂಡನಾಳವು ತನ್ನ ಬೆರಳಿನಂಥ ತುದಿಗಳಿಂದ ಒಳಗೆ ಸೆಳೆದುಕೊಳ್ಳುತ್ತದೆ. ಅಂಡದ ಆಯುಸ್ಸು ಒಂದು ದಿನವನ್ನು ಮೀರುವುದಿಲ್ಲ. ಪುರುಷನ ಜೀವಾಣುಗಳಾದರೋ ಸ್ತ್ರೀದೇಹದಲ್ಲಿ ಐದು ದಿನಗಳವರೆಗೆ ಬದುಕಿರಬಲ್ಲವು. ಆದುದರಿಂದ ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಆರು ಮಾತ್ರ. ಅಂಡನಾಳದಲ್ಲಿ ಇವೆರಡೂ ಕೂಡಿ ಆದ ಭ್ರೂಣವು ಐದಾರು ದಿನಗಳಲ್ಲಿ ಗರ್ಭಾಶಯವನ್ನು ಸೇರಿ ಅದರ ಒಳಪೊರೆಯಲ್ಲಿ ಬೇರೂರುತ್ತದೆ. ಈ ಸರಪಣಿಯ ಯಾವ ಕೊಂಡಿ ಕಳಚಿದರೂ ಮಡಿಲು ತುಂಬುವುದಿಲ್ಲ.

ಅಂಡವು ಬಿಡುಗಡೆಯಾಗದಿದ್ದಾಗ

ಸ್ತ್ರೀಯರಲ್ಲಿ ಅತಿ ಸಾಮಾನ್ಯವಾದ ಕಾರಣವಿದು. ಮುಟ್ಟು ಅಕ್ರಮವಾಗಿರುವುದು ಇದರ ಮೊದಲ ಸೂಚನೆ. ಇದರ ಹಿಂದೆ ಹೆಚ್ಚಾಗಿ ಇರುವುದು ಪಾಲಿಸಿಸ್ಟಿಕ್ ಅಂಡಾಶಯವೆಂಬ ಸ್ಥಿತಿ. 1935ರಲ್ಲಿ ಅಮೆರಿಕದ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಅಂಡಗಳು ಅರೆಪಕ್ವವಾಗಿಯೇ ನಿಂತುಬಿಡುತ್ತವೆ. ಪುರುಷರಲ್ಲಿ ಅಧಿಕವಾಗಿರಬೇಕಾದ ರಸಗಳು ದೇಹದಲ್ಲಿ ಹೆಚ್ಚಿ ಮುಖದ ಮೇಲೆ ಕೂದಲು, ಮೊಡವೆ ಕಾಣಿಸಿಕೊಳ್ಳುತ್ತವೆ. ಅನೇಕರಲ್ಲಿ ತೂಕ ಏರುತ್ತದೆ. ಆದರೆ ತೆಳ್ಳಗಿರುವವರಲ್ಲಿಯೂ ಈ ಸ್ಥಿತಿ ಇರಬಹುದು.

ಥೈರಾಯ್ಡ್ ಗ್ರಂಥಿಯ ಏರುಪೇರು, ಹಾಲೂಡಿಸುವ ರಸವಾದ ಪ್ರೊಲ್ಯಾಕ್ಟಿನ್ ಹೆಚ್ಚಾಗುವುದು, ಅತಿಯಾದ ಉಪವಾಸ ಅಥವಾ ಅತಿಯಾದ ವ್ಯಾಯಾಮದಿಂದ ದೇಹ ಸೊರಗುವುದು ಇವೂ ಅಂಡದ ಬಿಡುಗಡೆಗೆ ಅಡ್ಡಿಯಾಗುತ್ತವೆ. ಇವನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯುವುದು ಸುಲಭ. ಔಷಧದಿಂದ ಸರಿಪಡಿಸುವುದೂ ಬಹುಮಟ್ಟಿಗೆ ಸುಲಭ.

ನಾಳ ಮುಚ್ಚಿದಾಗ

ಅಂಡನಾಳದ ಒಳದಾರಿಯು ಕೆಲವೆಡೆ ಕೂದಲೆಳೆಯಷ್ಟು ಕಿರಿದು. ಸೋಂಕು ತಗುಲಿ ಗಾಯವಾದರೆ ಅದು ಅಂಟಿಕೊಂಡು ಮುಚ್ಚಿಹೋಗುತ್ತದೆ. ಹೆರಿಗೆಯ ನಂತರದ ಸೋಂಕು, ಅನುಭವವಿಲ್ಲದವರ ಕೈಯಲ್ಲಿ ಮಾಡಿಸಿಕೊಂಡ ಗರ್ಭಪಾತ, ಗುಹ್ಯರೋಗಗಳು ಇದಕ್ಕೆ ಕಾರಣವಾಗಬಹುದು.

ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳಬೇಕಾದ ಮತ್ತೊಂದು ಕಾರಣವೆಂದರೆ ಕ್ಷಯ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿಯೇ ಇದ್ದಾರೆ. ಕ್ಷಯವೆಂದರೆ ಕೆಮ್ಮು, ಕಫವೆಂದೇ ನಾವು ತಿಳಿದಿದ್ದೇವೆ. ಆದರೆ ಆ ರೋಗಾಣುವು ಶ್ವಾಸಕೋಶದಿಂದ ರಕ್ತದ ಮೂಲಕ ಅಂಡನಾಳಕ್ಕೂ ಗರ್ಭಾಶಯಕ್ಕೂ ಇಳಿದು, ಕೆಮ್ಮಿಲ್ಲದೆ, ಜ್ವರವಿಲ್ಲದೆ ವರ್ಷಗಟ್ಟಲೆ ಅಡಗಿರಬಲ್ಲುದು. ಮುಟ್ಟು ಕಡಿಮೆಯಾಗುತ್ತ ಬರುವುದು ಅಥವಾ ಮಕ್ಕಳಾಗದಿರುವುದೇ ಅದರ ಏಕಮಾತ್ರ ಲಕ್ಷಣವಾಗಿರುವುದುಂಟು. ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ರೋಗವು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಉಚಿತ. ಆದರೆ ರೋಗ ಹೋದರೂ ಅದು ಮಾಡಿದ ಗಾಯದ ಕಲೆ ಉಳಿದರೆ ನಾಳ ಮತ್ತೆ ತೆರೆಯಲಾರದು. ಬೇಗ ಪತ್ತೆಹಚ್ಚುವುದರ ಮಹತ್ವ ಇಲ್ಲಿದೆ.

ನೋವನ್ನು ನುಂಗಿಕೊಳ್ಳುವ ಅಭ್ಯಾಸ

ಮುಟ್ಟಿನ ದಿನಗಳ ನೋವು ಹೆಣ್ಣಿನ ಹಣೆಯ ಬರಹವೆಂದು ತಾಯಂದಿರು ಮಗಳಿಗೆ ಹೇಳುವುದುಂಟು. ಸಾಧಾರಣ ನೋವಿಗೆ ಇದು ಸಲ್ಲಬಹುದು. ಆದರೆ ಹಾಸಿಗೆ ಹಿಡಿಸುವ, ಶಾಲೆ ಕೆಲಸ ಬಿಡಿಸುವ, ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು ಎಂಡೊಮೆಟ್ರಿಯೋಸಿಸ್ ಎಂಬ ರೋಗದ ಕರೆಯಾಗಿರಬಹುದು. ಗರ್ಭಾಶಯದ ಒಳಪೊರೆಯನ್ನು ಹೋಲುವ ಅಂಗಾಂಶವು ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೋಡೆಯ ಮೇಲೆ ಬೆಳೆದು, ಪ್ರತಿ ತಿಂಗಳೂ ಅಲ್ಲಿ ಉರಿಯೂತ ಉಂಟುಮಾಡಿ, ಅವಯವಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರಲ್ಲಿ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೋವನ್ನು ಸಹಿಸುವುದೇ ಗುಣವೆಂದು ಕಲಿಸಿದುದರ ಫಲವಾಗಿ ಅನೇಕರಲ್ಲಿ ಇದು ಪತ್ತೆಯಾಗುವುದು ಎಷ್ಟೋ ವರ್ಷಗಳ ಬಳಿಕ.

ಕ್ಷೇತ್ರದ ದೋಷಗಳು ಇನ್ನೂ ಕೆಲವುಂಟು. ಗರ್ಭಾಶಯದ ಗಡ್ಡೆಗಳು ಬಹುಮಂದಿಯಲ್ಲಿ ಇರುತ್ತವೆ. ಎಲ್ಲವೂ ತೊಂದರೆ ಕೊಡುವುದಿಲ್ಲ. ಒಳಪೊರೆಯತ್ತ ಚಾಚಿಕೊಂಡ ಗಡ್ಡೆಗಳು ಮಾತ್ರ ಭ್ರೂಣವು ಬೇರೂರಲು ಅಡ್ಡಿಯಾಗುವುವು. ಹುಟ್ಟಿನಿಂದಲೇ ಗರ್ಭಾಶಯದ ನಡುವೆ ಅಡ್ಡಗೋಡೆ ಇರುವುದೂ, ಪದೇ ಪದೇ ಗರ್ಭಾಶಯವನ್ನು ಕೆರೆದು ಶುಚಿಮಾಡಿದ್ದರಿಂದ ಅದರ ಗೋಡೆಗಳು ಅಂಟಿಕೊಳ್ಳುವುದೂ ಕಂಡುಬರುತ್ತವೆ.

ವಯಸ್ಸಿನ ಮಾತು

ಓದು, ಉದ್ಯೋಗ, ಮನೆಯ ಸಾಲ ಇವುಗಳ ಕಾರಣ ನಗರಗಳಲ್ಲಿ ಮದುವೆಯೂ ಮಕ್ಕಳೂ ತಡವಾಗುತ್ತಿರುವುದು ಸರ್ವವಿದಿತ. ಇದನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸತ್ಯಸಂಗತಿಯನ್ನು ಮುಚ್ಚಿಡುವುದೂ ಸರಿಯಲ್ಲ. 35ರ ನಂತರ ಅಂಡಗಳ ಸಂಖ್ಯೆಯಷ್ಟೇ ಅಲ್ಲ, ಗುಣವೂ ವೇಗವಾಗಿ ಕುಂದುತ್ತದೆ. ಗರ್ಭಸ್ರಾವದ ಸಂಭವ ಏರುತ್ತದೆ. ಕೂದಲು ಕಪ್ಪಾಗಿದ್ದರೂ, ಮೈ ಗಟ್ಟಿಯಾಗಿದ್ದರೂ ಅಂಡಕ್ಕೆ ಅದರ ವಯಸ್ಸು ಗೊತ್ತು. ಅಂಡಗಳ ಉಳಿಕೆಯನ್ನು ಸೂಚಿಸುವ ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯುಂಟು, ಅದು ಸಂಖ್ಯೆಯ ಸುಳಿವು ಕೊಡುತ್ತದೆಯೇ ಹೊರತು ಗುಣವನ್ನು ತಿಳಿಸಲಾರದು. ಆ ಸಂಖ್ಯೆ ಕಡಿಮೆಯೆಂದು ಕೇಳಿದೊಡನೆ ಎದೆಗುಂದಬೇಕಾಗಿಲ್ಲ.

ಪರೀಕ್ಷೆಗಳ ಕ್ರಮ

ಒಳ್ಳೆಯ ವೈದ್ಯರು ಮೊದಲು ಇಬ್ಬರನ್ನೂ ಕೂರಿಸಿಕೊಂಡು ವಿವರವಾಗಿ ಮಾತನಾಡುತ್ತಾರೆ. ಗಂಡನಿಗೆ ವೀರ್ಯಪರೀಕ್ಷೆ, ಹೆಂಡತಿಗೆ ಥೈರಾಯ್ಡ್ ಮೊದಲಾದ ರಕ್ತಪರೀಕ್ಷೆ, ಅಂಡಾಶಯ ಗರ್ಭಾಶಯಗಳ ಸ್ಕ್ಯಾನ್ ಇವು ಪ್ರಾರಂಭದ ಹೆಜ್ಜೆಗಳು. 28 ದಿನಗಳ ಚಕ್ರವಿರುವವರಲ್ಲಿ ಸುಮಾರು 21ನೆಯ ದಿನ ಪ್ರೊಜೆಸ್ಟರಾನ್ ರಸವನ್ನು ಅಳೆದರೆ ಆ ತಿಂಗಳು ಅಂಡ ಬಿಡುಗಡೆಯಾಯಿತೇ ಎಂಬುದು ತಿಳಿಯುತ್ತದೆ. ಮುಟ್ಟು ನಿಂತ ಕೆಲವು ದಿನಗಳೊಳಗೆ ಗರ್ಭಾಶಯದ ಮೂಲಕ ಔಷಧದ್ರವವನ್ನು ಹಾಯಿಸಿ ಎಕ್ಸ್‌ರೇ ತೆಗೆದರೆ ಅಂಡನಾಳಗಳು ತೆರೆದಿವೆಯೇ ಎಂಬುದು ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದರ್ಶಕ ನಳಿಕೆಯಿಂದ ನೋಡುವ ಲ್ಯಾಪರಾಸ್ಕೋಪಿಯು ಎಲ್ಲರಿಗೂ ಬೇಕಾಗಿಲ್ಲ; ಎಂಡೊಮೆಟ್ರಿಯೋಸಿಸ್ ಅಥವಾ ಅಂಟುಗಳ ಸಂದೇಹವಿದ್ದಲ್ಲಿ ಮಾತ್ರ ಸಾಕು. ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು ಕಾರಣ ತಿಳಿಯದೆ ಉಳಿಯುವ ದಂಪತಿಗಳೂ ಇದ್ದಾರೆ. ಅವರಲ್ಲಿ ಅನೇಕರಿಗೆ, ವಯಸ್ಸು ಕಡಿಮೆಯಿದ್ದರೆ, ಚಿಕಿತ್ಸೆಯಿಲ್ಲದೆಯೇ ಗರ್ಭ ನಿಲ್ಲುವುದುಂಟು.

ಚಿಕಿತ್ಸೆಯ ಮೆಟ್ಟಿಲುಗಳು

ಮೊದಲ ಮೆಟ್ಟಿಲಿಗೆ ಔಷಧದ ಅಂಗಡಿ ಬೇಕಾಗಿಲ್ಲ. ಪಾಲಿಸಿಸ್ಟಿಕ್ ಅಂಡಾಶಯವಿದ್ದು ತೂಕ ಹೆಚ್ಚಾಗಿರುವವರು 100ಕ್ಕೆ 5ರಿಂದ 10ರಷ್ಟು ತೂಕ ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಗಂಡನು ಹೊಗೆಸೊಪ್ಪು, ಮದ್ಯಗಳನ್ನು ಬಿಡತಕ್ಕದ್ದು. ಗರ್ಭಿಣಿಯಾಗಲು ಬಯಸುವ ಸ್ತ್ರೀಯು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಶಿಶುವಿನ ಬೆನ್ನುಹುರಿಯ ದೋಷಗಳನ್ನು ತಡೆಯಲು ಸಹಾಯಕ.

ಎರಡನೆಯದು ಅಂಡವನ್ನು ಪಕ್ವಗೊಳಿಸುವ ಗುಳಿಗೆಗಳು. 1960ರ ದಶಕದಲ್ಲಿ ಬಳಕೆಗೆ ಬಂದ ಕ್ಲೋಮಿಫೀನ್ ಬಹುಕಾಲ ಈ ಕೆಲಸ ಮಾಡಿತು. ಪಾಲಿಸಿಸ್ಟಿಕ್ ಅಂಡಾಶಯವುಳ್ಳವರಲ್ಲಿ ಲೆಟ್ರೋಜೋಲ್ ಎಂಬ ಔಷಧವು ಇನ್ನೂ ಹೆಚ್ಚು ಫಲಕಾರಿಯೆಂದು 2014ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. ಇಂದು ಅದಕ್ಕೇ ಮೊದಲ ಸ್ಥಾನ. ಇವುಗಳಿಂದ ಅವಳಿ ಮಕ್ಕಳಾಗುವ ಸಂಭವ ತುಸು ಹೆಚ್ಚು. ನೆರೆಮನೆಯಾಕೆಯ ಚೀಟಿ ನೋಡಿ ಕೊಂಡು ನುಂಗುವ ಔಷಧಗಳಲ್ಲ ಇವು.

ಮೂರನೆಯದು ಶಸ್ತ್ರಚಿಕಿತ್ಸೆ: ಅಡ್ಡಿಯಾದ ಗಡ್ಡೆ, ಅಡ್ಡಗೋಡೆ, ಅಂಟುಗಳನ್ನು ತೆಗೆಯುವುದು. ಶುದ್ಧಗೊಳಿಸಿದ ಜೀವಾಣುಗಳನ್ನು ತಕ್ಕ ದಿನದಲ್ಲಿ ನೇರವಾಗಿ ಗರ್ಭಾಶಯಕ್ಕೆ ಸೇರಿಸುವ ಐ.ಯು.ಐ. ವಿಧಾನವು ನಾಲ್ಕನೆಯದು, ಅಂಡನಾಳ ತೆರೆದಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಕೊನೆಯದು ಐ.ವಿ.ಎಫ್.; ಪ್ರನಾಳ ಶಿಶುವೆಂದು ಜನ ಕರೆಯುವ ಕ್ರಮ. ಸುಮಾರು ಹತ್ತು ಹನ್ನೆರಡು ದಿನ ಸೂಜಿಮದ್ದು ಕೊಟ್ಟು ಹಲವು ಅಂಡಗಳನ್ನು ಬೆಳೆಸಿ, ಅವನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಜೀವಾಣುಗಳೊಡನೆ ಕೂಡಿಸುತ್ತಾರೆ. ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ಗರ್ಭಾಶಯದಲ್ಲಿಡುತ್ತಾರೆ. ಗಂಡನ ಜೀವಾಣುಗಳು ತೀರ ಕಡಿಮೆಯಿದ್ದರೆ ಒಂದೇ ಜೀವಾಣುವನ್ನು ಅಂಡದೊಳಗೆ ಚುಚ್ಚಿ ಸೇರಿಸುವ ಇಕ್ಸಿ ವಿಧಾನವು 1992ರಿಂದ ಪ್ರಚಾರದಲ್ಲಿದೆ.

ಇದರ ಸಫಲತೆಯ ಬಗ್ಗೆ ಜಾಹೀರಾತುಗಳು ಹೇಳುವುದನ್ನೆಲ್ಲ ನಂಬಕೂಡದು. 35ರೊಳಗಿನ ಸ್ತ್ರೀಯರಲ್ಲಿಯೂ ಒಂದು ಯತ್ನದಲ್ಲಿ ಮಗುವಾಗುವ ಸಂಭವ ಸುಮಾರು ಮೂರರಲ್ಲೊಂದು. 43ರ ಬಳಿಕ ಸ್ವಂತ ಅಂಡಗಳಿಂದ ಹತ್ತರಲ್ಲೊಂದಕ್ಕೂ ಕಡಿಮೆ. ಪ್ರತಿ ಯತ್ನಕ್ಕೂ ಲಕ್ಷಕ್ಕೆ ಮೇಲ್ಪಟ್ಟ ವೆಚ್ಚ ತಗಲುವುದು ಸಾಮಾನ್ಯ. ಆದುದರಿಂದ ಎಷ್ಟು ಯತ್ನ, ಎಷ್ಟು ಹಣ ಎಂಬುದನ್ನು ದಂಪತಿಗಳು ಒಡವೆ ಅಡವಿಡುವ ಮೊದಲೇ ಕುಳಿತು ನಿಶ್ಚಯಿಸಿಕೊಳ್ಳುವುದು ವಿವೇಕ. ಅಂಡಾಶಯವು ಔಷಧಕ್ಕೆ ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವೂ ವಿರಳವಾಗಿ ಉಂಟು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ದುರ್ಗೆಯ ಕಥೆ

ಪ್ರಪಂಚದ ಮೊದಲ ಪ್ರನಾಳ ಶಿಶು ಲೂಯಿ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನಲ್ಲಿ ಜನಿಸಿದಳು. ಅದನ್ನು ಸಾಧಿಸಿದವರಲ್ಲೊಬ್ಬರಾದ ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ 1978ರ ಅಕ್ಟೋಬರ್ 3ರಂದು, ಕೇವಲ 70 ದಿನಗಳ ಅಂತರದಲ್ಲಿ, ಕಲ್ಕತ್ತೆಯಲ್ಲಿ ದುರ್ಗಾ ಎಂದು ಹೆಸರಾದ ಶಿಶು ಜನಿಸಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯರು. ಭ್ರೂಣವನ್ನು ಘನೀಭವಿಸಿಟ್ಟು ಮುಂದೆ ಗರ್ಭಾಶಯದಲ್ಲಿಡುವ ಕ್ರಮವನ್ನು ಅವರು ಆಗಲೇ ಅನುಸರಿಸಿದ್ದರು. ಆದರೆ ಸರ್ಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಜನಿಸಿದಾಗ ದೇಶವು ಅದನ್ನು ಭಾರತದ ಮೊದಲ ಪ್ರನಾಳ ಶಿಶುವೆಂದು ಕೊಂಡಾಡಿತು. ಆ ಯಶಸ್ಸಿನಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಭಾಗಿಯಾಗಿದ್ದ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರು ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಪ್ರಥಮಸ್ಥಾನವು ತಮಗಲ್ಲ, ಅವರಿಗೇ ಸಲ್ಲತಕ್ಕದ್ದೆಂದು 1997ರಲ್ಲಿ ಸಾರಿದರು. ಇದೇ ಆನಂದ್ ಕುಮಾರರು ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ಸಂತಾನಹೀನತೆಯ ಚಿಕಿತ್ಸಾಲಯವನ್ನು ನಡೆಸಿದವರು. ಕೈಗೆ ಬಂದ ಕೀರ್ತಿಯನ್ನು ಮತ್ತೊಬ್ಬರಿಗೆ ಒಪ್ಪಿಸುವ ಇಂಥ ಪ್ರಾಮಾಣಿಕತೆ ವಿರಳ.

ಎಚ್ಚರಿಕೆಯ ಮಾತುಗಳು

2021ರ ಕಾಯಿದೆಯಂತೆ ಪ್ರನಾಳ ಶಿಶು ಚಿಕಿತ್ಸಾಲಯಗಳು ನೋಂದಾಯಿತವಾಗಿರಲೇಬೇಕು. ಚಿಕಿತ್ಸೆ ಪಡೆಯುವ ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷಗಳ ಮಿತಿಯಿದೆ. ಗಂಡೋ ಹೆಣ್ಣೋ ಆರಿಸಿಕೊಡುತ್ತೇವೆಂದು ಹೇಳುವವರು ಅಪರಾಧಿಗಳು. ಅಂಡದಾನ ಮಾಡುವ ಸ್ತ್ರೀಯು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಇಂಥ ಚಿಕಿತ್ಸೆಯಿಂದ ಹುಟ್ಟಿದ ಮಗುವು ಕಾಯಿದೆಯ ದೃಷ್ಟಿಯಲ್ಲಿ ದಂಪತಿಗಳ ಸ್ವಂತ ಮಗುವೇ. ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಗುಟ್ಟಿನ ಬೇರು, ಹೆಸರಿಲ್ಲದ ಭಸ್ಮಗಳಿಂದ ದೂರವಿರುವುದು ಕ್ಷೇಮ. ಅವುಗಳಲ್ಲಿ ಸೀಸ, ಪಾದರಸ ಬೆರೆತಿರುವುದುಂಟು.

ಮಾಡಬೇಕಾದುದೆಲ್ಲ ಮಾಡಿಯೂ ಫಲಿಸದಿದ್ದಲ್ಲಿ ದತ್ತಸ್ವೀಕಾರದ ದಾರಿ ತೆರೆದಿದೆ. ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಮೂಲಕ ಕ್ರಮಬದ್ಧವಾಗಿ ಬಂದ ಮಗುವಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಎಲ್ಲ ಹಕ್ಕುಗಳೂ ಇವೆ. ಕಾಯುವ ಕಾಲ ದೀರ್ಘವಾದುದರಿಂದ ಯೋಚನೆಯನ್ನು ತೀರ ಕೊನೆಗೆ ನೂಕಬಾರದು. ಮಕ್ಕಳಿಲ್ಲದೆ ಇಬ್ಬರೇ ನೆಮ್ಮದಿಯಿಂದ ಬಾಳುತ್ತೇವೆಂದು ನಿಶ್ಚಯಿಸುವ ದಂಪತಿಗಳೂ ಉಂಟು. ಅದೂ ಗೌರವಾರ್ಹವಾದ ನಿಶ್ಚಯವೇ.

ಕಡೆಯದಾಗಿ ಮನೆಯ ಹಿರಿಯರಿಗೆ ಒಂದು ವಿಜ್ಞಾಪನೆ. ಸೊಸೆಯು ಪ್ರತಿ ತಿಂಗಳೂ ನಿರಾಸೆಯನ್ನು ಒಬ್ಬಳೇ ಅನುಭವಿಸುತ್ತಾಳೆ. ಅದರ ಮೇಲೆ ಮಾತಿನ ಬರೆ ಬೇಡ. ಆರತಿಯ ತಟ್ಟೆಯನ್ನು ಅವಳ ಕೈಗೂ ಕೊಡಿ. ವೈದ್ಯರ ಬಳಿಗೆ ಹೋಗುವ ದಿನ ಮಗನಿಗೂ ರಜೆ ಹಾಕಲು ಹೇಳಿ.